ಏಳನೇ ರೂಮಿನ ಸಭೆ

ನರ್ಸ್ ಕೆಲಸಕ್ಕೆಂದು ಹೊಸದಾಗಿ ಈ ದೇಶಕ್ಕೆ ಬಂದ ನಮ್ಮ ಕಡೆಯ ಹುಡುಗಿಯರು ನನ್ನನ್ನು ಮೊದಲು ಕೇಳುವುದು ಚಳಿಯ ಬಗ್ಗೆ, ಆಮೇಲೆ ರೋಸ್ಟರಿನ ಬಗ್ಗೆ. ಚಳಿಗೆ ಉಪಾಯವಿದೆ, ಉಣ್ಣೆಯ ಒಳಅಂಗಿ ತೊಟ್ಟುಕೊಳ್ಳಿ. ರೋಸ್ಟರಿಗೆ ಉಪಾಯವಿಲ್ಲ. ಯಾವ ದಿನ ಯಾರಿಗೆ ಯಾವ ಪಾಳಿ ಎಂದು ಬರೆದು ಸ್ಟಾಫ್ ರೂಮಿನ ಗೋಡೆಗೆ ಅಂಟಿಸುವ ಆ ಒಂದು ಹಾಳೆ ನಿಮ್ಮ ಹಬ್ಬ, ನಿಮ್ಮ ಮಕ್ಕಳ ಬರ್ತ್‌ಡೇ, ನಿಮ್ಮ ದೇವರು ಎಲ್ಲವನ್ನೂ ತೀರ್ಮಾನಿಸಿಬಿಡುತ್ತದೆ. ಅಪ್ಪರ್ ಹಟ್ ಎಂಬ ಊರಿನಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ರೆಸ್ಟ್ ಹೋಮ್‌ನಲ್ಲಿ, ನಾನು ಹದಿಮೂರು ವರ್ಷ ಆ ಹಾಳೆ ಹೇಳಿದಂತೆ ಕೇಳಿಕೊಂಡು ದುಡಿದೆ. ಕೊನೆಯ ಕೆಲವು ವರ್ಷ ಆ ಹಾಳೆಯನ್ನು ನಾನೇ ಬರೆದೆ. ಬರೆಯುವ ಕೈ ನನ್ನದಾದ ಮೇಲೆ ನಾನು ಮಾಡಿದ ಕೆಲಸ ಏನು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಬಡ್ತಿ ಸಿಕ್ಕಿತು, ಬೀಳ್ಕೊಡುಗೆಯ ದಿನ ಯಾರು ಏನು ಹೊಗಳಿದರು ಎಂಬುದೆಲ್ಲ ನಿಮಗೆ ಉಪಯೋಗಕ್ಕೆ ಬರುವುದಿಲ್ಲ.

ನನ್ನ ಹೆಸರು ಕರುಣಾ. ಹೆಸರಿಗೆ ತಕ್ಕಂತೆ ನಡೆದುಕೊಂಡವಳು ಎಂದು ಯಾರೂ ಹೇಳಲಿಕ್ಕಿಲ್ಲ, ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಊರು ಗದಗದ ಪಕ್ಕದ ಬೆಟಗೇರಿ. ನಮ್ಮಪ್ಪ ಮಗ್ಗ ನಡೆಸುತ್ತಿದ್ದ, ಜೊತೆಗೆ ಸಭೆಯ ಹಿರಿಯನೂ ಆಗಿದ್ದ. ನಮ್ಮ ಕನ್ನಡ ಕ್ರೈಸ್ತರ ಮನೆಗಳಲ್ಲಿ ಚರ್ಚ್ ಅನ್ನುವುದಕ್ಕಿಂತ ಸಭೆ ಅನ್ನುವುದು ರೂಢಿ. ಕಟ್ಟಡಕ್ಕೂ ಅದೇ ಶಬ್ದ, ಭಾನುವಾರದ ಆರಾಧನೆಗೂ ಅದೇ ಶಬ್ದ, ಅಲ್ಲಿ ಸೇರುವ ಜನಕ್ಕೂ ಅದೇ ಶಬ್ದ. ಯಾರಾದರೂ ಸಾಲಾಗಿ ಮೂರು ಭಾನುವಾರ ಕಾಣಿಸದಿದ್ದರೆ ಅಪ್ಪ ಅವರ ಮನೆಗೆ ಹೋಗಿ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದ. "ಯಾಕಪಾ, ಮೂರು ವಾರ ಆತು, ಸಭೆಗೆ ಬಂದಿಲ್ಲಲಾ?" ಕಾರಣ ಹೇಳುವವರೆಗೆ ಚಹಾ ಮುಟ್ಟುತ್ತಿರಲಿಲ್ಲ. ಕೆಲವರು ಅವನನ್ನು ದೂರದಿಂದ ಕಂಡರೇ ಹಿತ್ತಲ ಬಾಗಿಲಿಂದ ಜಾರಿಕೊಳ್ಳುತ್ತಿದ್ದರು. ಸಭೆಗೆ ಬರದವನು ಕ್ರೈಸ್ತನೇ ಅಲ್ಲ ಎಂದು ನಾನು ಕಲಿತದ್ದು ಅಪ್ಪ ಕೂತ ಆ ಕಟ್ಟೆಗಳ ಮೇಲೆಯೇ. ಅವನು ಹೋಗಿ ಗಂಟೆಗಟ್ಟಲೆ ಅವರ ಜೊತೆ ಕೂಡುತ್ತಿದ್ದ ಎಂಬುದನ್ನು ಮಾತ್ರ ಗಮನಿಸಲಿಲ್ಲ.

ಕೂಡುವ ವಿಷಯದಲ್ಲಿ ನನಗೆ ಬೇರೆ ಪಾಠವಾಗಿತ್ತು. ನರ್ಸಿಂಗ್ ಕಲಿತ ಮಿಷನ್ ಆಸ್ಪತ್ರೆಯಲ್ಲಿ ನಮ್ಮ ಮೇಟ್ರನ್ ಬಾಯಿಯವರು, ವಾರ್ಡಿನಲ್ಲಿ ಯಾವ ನರ್ಸಾದರೂ ರೋಗಿಯ ಪಕ್ಕ ಕೂತದ್ದು ಕಂಡರೆ ಬಂದು ಕುರ್ಚಿಯನ್ನೇ ಎಳೆದುಬಿಡುತ್ತಿದ್ದರು. "ಕುಂದರಾಕ ಬಂದೀಯೇನು ಇಲ್ಲೆ? ಮನಿಗೆ ಹೋಗಿ ಕುಂದರು!" ನಾನೂ ಒಮ್ಮೆ ಹಾಗೆ ನೆಲಕ್ಕೆ ಬಿದ್ದಿದ್ದೇನೆ. ಅಂದಿನಿಂದ ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಡ್ಯೂಟಿಯಲ್ಲಿ ರೋಗಿಯ ಪಕ್ಕ ಕೂತವಳಲ್ಲ. ಕಾಲು ಊದಿಕೊಂಡರೂ ನಿಂತೇ ಇದ್ದೆ, ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಇಲ್ಲಿಗೆ ಬಂದ ಮೊದಲ ವರ್ಷ ಮಾಡಿದ ತಪ್ಪು ಒಂದೆರಡಲ್ಲ. ಒಂದನ್ನು ಹೇಳುತ್ತೇನೆ. ಒಂದು ಸಂಜೆ ಒಬ್ಬ ಮುದುಕ ಕಣ್ಣಿನ ಆಸ್ಪತ್ರೆಗೆ ಹೋಗಿ ತಡವಾಗಿ ಬಂದ. "ನನ್ನ ಟೀ ಆಗಿಲ್ಲ" ಎಂದ. ಟೀ ಮಾಡಿಕೊಟ್ಟೆ. ಕುಡಿದು ಮತ್ತೆ "ನನ್ನ ಟೀ?" ಎಂದ. ಮತ್ತೊಂದು ಕಪ್ ಕೊಟ್ಟೆ. ಮೂರನೆಯ ಕಪ್ಪಿಗೆ ಮುದುಕನ ಕಣ್ಣಲ್ಲಿ ನೀರು. ಮರೆವಿನ ರೋಗ ಶುರುವಾಗಿರಬೇಕು ಎಂದು ನೋಟ್ಸ್‌ನಲ್ಲಿ ಬರೆದೆ. ಇಲ್ಲಿಯ ಹಳಬರು ಸಂಜೆಯ ಊಟಕ್ಕೆ ಟೀ ಅನ್ನುತ್ತಾರೆ ಎಂದು ಮರುದಿನ ಗೊತ್ತಾಯಿತು. ಪಾಪ, ಮನುಷ್ಯ ಹಸಿದುಕೊಂಡೇ ಮಲಗಿದ್ದ. ಎಲ್ಲರೂ ನಕ್ಕರು, ನಾನೂ ನಕ್ಕೆ. ನನಗೆ ತಿಳಿಯದ್ದನ್ನು ಎದುರಿನವರ ತಲೆ ಕೆಟ್ಟಿದೆ ಎಂದು ಬರೆಯುವ ಚಾಳಿ ಮಾತ್ರ ಆ ದಿನವೇ ನನಗೆ ಅಂಟಿಕೊಂಡಿತ್ತು.

ನಮ್ಮ ಮ್ಯಾನೇಜರ್ ಜೂಡಿ. ಕಡ್ಡಿ ಮುರಿದ ಹಾಗೆ ಮಾತಾಡುವ ಹೆಂಗಸು, ಆದರೆ ಅನ್ಯಾಯ ಮಾಡಿದವಳಲ್ಲ. ಭಾನುವಾರ ಬೆಳಿಗ್ಗೆ ನನಗೆ ರಜೆ ಬೇಕು, ಚರ್ಚ್‌ಗೆ ಹೋಗಬೇಕು ಎಂದು ಮೊದಲ ಸಲ ಕೇಳಿದಾಗ ಕನ್ನಡಕದ ಮೇಲಿಂದ ನೋಡಿ, "ಕರುಣಾ, ಮುದುಕರಿಗೆ ಭಾನುವಾರವೂ ಬೆಳಗಾಗುತ್ತದೆ" ಎಂದಳು. ನಾನು ಬಿಡಲಿಲ್ಲ. ಪ್ರತಿ ಶನಿವಾರ ಎರಡು ಪಾಳಿ ಮಾಡುತ್ತೇನೆ, ಕ್ರಿಸ್‌ಮಸ್ ದಿನ ಮಧ್ಯಾಹ್ನವೂ ಬರುತ್ತೇನೆ, ಭಾನುವಾರ ಬೆಳಿಗ್ಗೆ ಮಾತ್ರ ಬಿಟ್ಟುಬಿಡು ಎಂದು ಹಟ ಹಿಡಿದು ಗೆದ್ದೆ. ಆ ಗೆಲುವನ್ನು ನಮ್ಮ ಪ್ರಾರ್ಥನಾ ಕೂಟದಲ್ಲಿ ಸಾಕ್ಷಿಯಾಗಿ, ಅಂದರೆ ದೇವರು ಮಾಡಿದ ಉಪಕಾರವೆಂದು, ಹೇಳಿಕೊಂಡೆ, ಎಲ್ಲರೂ ಸ್ತೋತ್ರ ಅಂದರು. ನಾನು ಬಿಟ್ಟ ಪಾಳಿಯನ್ನು ಯಾರು ಹೊತ್ತರು ಎಂದು ಕೂಟದಲ್ಲಿ ಯಾರೂ ಕೇಳಲಿಲ್ಲ.

ಏಳನೇ ರೂಮಿಗೆ ಮಿಸೆಸ್ ಹಾರ್ಪರ್ ಬಂದದ್ದು ನಾನು ಸೀನಿಯರ್ ಆದ ವರ್ಷ. ಎಂಬತ್ತೆಂಟು ದಾಟಿದ ಸಣ್ಣ ಜೀವ, ಬೆನ್ನು ಬಾಗಿದ್ದರೂ ಮಾತು ಚುರುಕು. ಇಲ್ಲಿ ಮುದುಕರನ್ನೂ ಹೆಸರು ಹಿಡಿದು ಕರೆಯುತ್ತಾರೆ. ನನಗೆ ನಾಲಿಗೆ ಹೊರಳುತ್ತಿರಲಿಲ್ಲ, ಕೊನೆಯವರೆಗೂ ಮಿಸೆಸ್ ಹಾರ್ಪರ್ ಎಂದೇ ಕರೆದೆ. ಸೇರಿಸಿಕೊಳ್ಳುವ ಫಾರ್ಮನ್ನು ತುಂಬಿದವಳು ನಾನೇ. ಯಾವ ಮಾತ್ರೆ, ಯಾವ ಊಟ, ಹಲ್ಲಿನ ಸೆಟ್ ಇದೆಯೋ ಇಲ್ಲವೋ, ಹೀಗೆ ಕೇಳುತ್ತಾ ಆ ಪ್ರಶ್ನೆಗೆ ಬಂದೆ.

"ಯಾವ ಚರ್ಚ್‌ಗೆ ಹೋಗುತ್ತೀರಿ?"

"ಈಗ ಹೋಗುವುದಿಲ್ಲ ಡಿಯರ್. ನಲವತ್ತು ವರ್ಷ ಆಯಿತು."

ಮುಂದಿನದನ್ನು ಕೇಳಲಿಲ್ಲ. ನಲವತ್ತು ವರ್ಷ! ನಮ್ಮಪ್ಪ ಇದ್ದಿದ್ದರೆ ಕಟ್ಟೆ ಸವೆದು ಹೋಗುತ್ತಿತ್ತು. ಧರ್ಮ ಎಂಬ ಜಾಗದಲ್ಲಿ 'ಇಲ್ಲ' ಎಂದು ಬರೆದೆ. ಅದರ ಕೆಳಗೆ ಪಾದ್ರಿಯ ಭೇಟಿ ಬೇಕೇ ಎಂಬ ಜಾಗವಿತ್ತು, ಅಲ್ಲಿ 'ಬೇಡ' ಎಂದು ಬರೆದೆ. ಆಕೆ ಹಾಗೆ ಹೇಳಿರಲಿಲ್ಲ. ಚರ್ಚ್‌ಗೆ ಹೋಗುವುದಿಲ್ಲ ಎಂದಷ್ಟೇ ಹೇಳಿದ್ದಳು, ಉಳಿದ ಉತ್ತರಗಳು ನನ್ನವು.

ಹಳೆಯ ಕಾಲದ ಕಾಗದದ ಫೈಲುಗಳಲ್ಲಿ ಒಂದು ಗುಣವಿತ್ತು. ಯಾರಾದರೂ ಅದನ್ನು ತೆರೆದಾಗ ಹಿಂದಿನವರು ಬರೆದದ್ದನ್ನು ಹೊಡೆದು ಪಕ್ಕದಲ್ಲಿ ಸರಿಯಾದದ್ದನ್ನು ಗೀಚುತ್ತಿದ್ದರು. ಎರಡು ವರ್ಷದಲ್ಲಿ ಎಲ್ಲವೂ ಕಂಪ್ಯೂಟರಿಗೆ ಹೋಯಿತು. ನನ್ನ 'ಇಲ್ಲ', ನನ್ನ 'ಬೇಡ' ಎರಡೂ ಅಚ್ಚುಕಟ್ಟಾಗಿ ಅಲ್ಲಿಗೆ ಏರಿ ಕೂತವು. ತಿಂಗಳಿಗೊಮ್ಮೆ ಬರುವ ಪಾದ್ರಿಗೆ ಕಂಪ್ಯೂಟರೇ ಪಟ್ಟಿ ಕೊಡುತ್ತಿತ್ತು, ಅದರಲ್ಲಿ ಏಳನೇ ರೂಮು ಎಂದೂ ಬರಲಿಲ್ಲ. ಹುಡುಗಿಯರೇ, ತಿಳಿಯದಿದ್ದರೆ ಜಾಗವನ್ನು ಖಾಲಿ ಬಿಡುವುದನ್ನು ಕಲಿಯಿರಿ. ಖಾಲಿ ಜಾಗ ಕಂಡರೆ ಮುಂದೆ ಯಾರಾದರೂ ಕೇಳಿಯಾರು.

ಅದೇ ಸುಮಾರಿಗೆ ಗ್ಲೋರಿ ಬಂದಳು. ಮೈಸೂರಿನ ಹುಡುಗಿ, ಇಲ್ಲಿಗೆ ಓದಲು ಬಂದು, ಓದು ಮುಗಿಸಿ ನರ್ಸಾಗಿ ನಮ್ಮಲ್ಲಿ ಸೇರಿದವಳು. ನಮ್ಮ ಥರದ ಮನೆಯವಳೇ, ಅವಳ ಅಜ್ಜನೂ ಸಭೆಯ ಹಿರಿಯನಾಗಿದ್ದನಂತೆ. ನನಗೆ ಹಿಡಿಸಲಾರದಷ್ಟು ಖುಷಿ. ಮೊದಲ ಮೂರು ತಿಂಗಳು ಪ್ರತಿ ಭಾನುವಾರ ಅವಳ ಫ್ಲ್ಯಾಟಿನ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹೊಡೆದು ಅವಳನ್ನು ಹತ್ತು ಗಂಟೆಯ ಆರಾಧನೆಗೆ ಕರೆದುಕೊಂಡು ಹೋದೆ. ಒದ್ದೆ ತಲೆಯಲ್ಲೇ ಓಡಿ ಬರುತ್ತಿದ್ದಳು, ಕೈಯಲ್ಲಿ ಅರ್ಧ ತಿಂದ ಟೋಸ್ಟು.

ಆಮೇಲೆ ಭಾನುವಾರದ ಪಾಳಿಯ ನರ್ಸೊಬ್ಬಳು ಹೆರಿಗೆ ರಜೆಗೆ ಹೋದಳು. ಆಗ ರೋಸ್ಟರ್ ನನ್ನ ಕೈಗೆ ಬಂದಿತ್ತು.

"ನೋಡವ್ವಾ ಗ್ಲೋರಿ, ಒಂದು ತಿಂಗಳ ಮಟ್ಟಿಗೆ ಭಾನುವಾರ ಬೆಳಗಿನ ಡ್ಯೂಟಿ ನೀ ಮಾಡ್ತಿಯೇನು? ಆಮ್ಯಾಲೆ ಬ್ಯಾರೆ ವ್ಯವಸ್ಥಾ ಮಾಡ್ತೀನಿ."

"ಮಾಡ್ತೀನಿ ಆಂಟಿ, ಪರವಾಗಿಲ್ಲ."

ಆ ತಿಂಗಳು ಮುಗಿಯಲೇ ಇಲ್ಲ. ಹಿಂದಿನ ವಾರದ ಹಾಳೆಯನ್ನು ನೋಡಿ ಮುಂದಿನದನ್ನು ಬರೆಯುವುದು ಸುಲಭ, ಹಾಗೇ ಬರೆಯುತ್ತಾ ಹೋದೆ. ಹೆರಿಗೆಗೆ ಹೋದವಳು ಕೆಲಸವನ್ನೇ ಬಿಟ್ಟಳು. ಗ್ಲೋರಿ ಒಂದು ದಿನವೂ ನೆನಪಿಸಲಿಲ್ಲ. ನನಗೂ ನೆನಪಾಗಲಿಲ್ಲ. ಸುಳ್ಳು ಯಾಕೆ ಹೇಳಲಿ, ನೆನಪಾದರೆ ನನ್ನ ಭಾನುವಾರಕ್ಕೇ ಸಂಚಕಾರ ಎಂದು ಮನಸ್ಸಿಗೆ ಗೊತ್ತಿತ್ತು, ಅದಕ್ಕೇ ನೆನಪಾಗಲಿಲ್ಲ.

ವರ್ಷ ಕಳೆಯುವಷ್ಟರಲ್ಲಿ ಗ್ಲೋರಿ ಚರ್ಚ್‌ಗೆ ಬರುವುದಿಲ್ಲ ಎಂಬುದು ಉಳಿಯಿತು, ಯಾಕೆ ಬರುವುದಿಲ್ಲ ಎಂಬುದು ನನ್ನ ತಲೆಯಿಂದ ಹೊರಟುಹೋಯಿತು. ಒಂದು ದಿನ ಬೆಳಗಿನ ಟೀ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಅವಳನ್ನು ಹಿಡಿದುಕೊಂಡೆ. ಕನ್ನಡ ಉಳಿದವರಿಗೆ ತಿಳಿಯುತ್ತಿರಲಿಲ್ಲ, ನನ್ನ ಮುಖ ತಿಳಿಯುತ್ತಿತ್ತು.

"ಸಭೆ ಬಿಟ್ಟೇಬಿಟ್ಟಿಯೇನವ್ವಾ?"

"ಭಾನುವಾರ ಡ್ಯೂಟಿ ಇರುತ್ತಲ್ಲ ಆಂಟಿ."

"ಮನಸ್ಸಿದ್ರ ಸಂಜಿ ಆರಾಧನೆಗರ ಬರಬಹುದಲ್ಲ. ಲೋವರ್ ಹಟ್‌ನ್ಯಾಗ ಐತಿ."

ಲೋವರ್ ಹಟ್ ಅಂದರೆ ಪಕ್ಕದ ಊರು, ಅವಳಿಗೆ ಕಾರಿರಲಿಲ್ಲ. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರೂವರೆವರೆಗೆ ಮುದುಕರನ್ನು ಎತ್ತಿ ಇಳಿಸಿ ಸೊಂಟ ಬಿದ್ದುಹೋಗಿರುತ್ತಿತ್ತು.

"ಮನೇಲೇ ಪ್ರಾರ್ಥನೆ ಮಾಡ್ಕೋತೀನಿ ಆಂಟಿ. ದೇವ್ರು ಅಲ್ಲೂ ಇರ್ತಾನಲ್ಲ?"

"ಎಲ್ಲಾರೂ ಹಿಂಗ ಅಂದ್ರ ಸಭೆ ಬಾಗಲಾ ಹಾಕ್ಕೊಂಡು ಹೋಗೂದಾ ಸೈ" ಎಂದು ಸಿಡುಕಿದೆ. ಅವಳು ನಕ್ಕಳು, ಕಪ್ಪು ತೊಳೆದಿಟ್ಟು ಹೋದಳು. ಆ ನಗು ನನಗೆ ಉಡಾಫೆಯಾಗಿ ಕಂಡಿತು. ಮುಂದಿನ ಕೂಟದಲ್ಲಿ, ಸಭೆ ಬಿಟ್ಟ ನಮ್ಮ ಮಕ್ಕಳು ತಿರುಗಿ ಬರಲಿ ಎಂದು ಕಣ್ಣು ಮುಚ್ಚಿ ಗಟ್ಟಿಯಾಗಿ ಪ್ರಾರ್ಥಿಸಿದೆ. ಹೆಸರು ಹೇಳಲಿಲ್ಲ, ಎಲ್ಲರಿಗೂ ಅರ್ಥವಾಯಿತು.

ಈಗ ಒಂದು ಬೆಲ್ಲಿನ ವಿಷಯ. ಒಂದು ಭಾನುವಾರ ಹತ್ತು ಗಂಟೆಗೆ ಹನ್ನೊಂದನೇ ರೂಮಿನ ಮುದುಕ ಸ್ನಾನದ ಮನೆಯಲ್ಲಿ ಜಾರಿ ಬೆಲ್ ಒತ್ತಿದ. ಎಂಟು ನಿಮಿಷ ಯಾರೂ ಬರಲಿಲ್ಲ. ದೊಡ್ಡ ಪೆಟ್ಟೇನೂ ಆಗಲಿಲ್ಲ, ಮೊಣಕೈ ತರಚಿತ್ತು ಅಷ್ಟೆ. ಆದರೆ ಅವನ ಮಗಳು ಸೋಮವಾರ ಬಂದು ಕೂಗಾಡಿದಳು. ಯಾರು ಎಲ್ಲಿದ್ದರು ಎಂದು ವಿಚಾರಿಸಿ ಬರೆಯುವುದು ಸೀನಿಯರ್ ಆದ ನನ್ನ ಕೆಲಸ. ಗ್ಲೋರಿಯ ಜೊತೆ ಡ್ಯೂಟಿಯಲ್ಲಿದ್ದ ಸಹಾಯಕಿ, ಕೇರ್‌ಗಿವರ್, ಹೊರಗೆ ಸಿಗರೇಟು ಸೇದುತ್ತಿದ್ದಳು, ಒಪ್ಪಿಕೊಂಡಳು. ಗ್ಲೋರಿ ಏಳನೇ ರೂಮಿನಲ್ಲಿದ್ದಳು, ಬಾಗಿಲು ಮುಚ್ಚಿತ್ತು ಎಂದೂ ಆ ಕೇರ್‌ಗಿವರೇ ಹೇಳಿದಳು.

ಕಾರಿಡಾರಿನಲ್ಲಿ ಗ್ಲೋರಿಯನ್ನು ನಿಲ್ಲಿಸಿಕೊಂಡೆ.

"ಏಳನೇ ರೂಮಿನ್ಯಾಗ ಬಾಗಲಾ ಹಾಕ್ಕೊಂಡು ಏನು ಮಾಡಾಕತ್ತಿದ್ದಿ?"

"ಸಭೇಲಿದ್ದೆ ಆಂಟಿ" ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಸಭೆ ಸಭೆ ಎಂದು ತಲೆ ತಿನ್ನುತ್ತಿದ್ದುದಕ್ಕೆ ತಿರುಗಿ ಕೊಟ್ಟ ಕುಟುಕು ಎಂದುಕೊಂಡೆ. "ಭಾಳ ಶ್ಯಾಣೇಕಿ ಆಗಿಯಲ್ಲ" ಎಂದವಳೇ ಆಫೀಸಿಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತು, ತಾನು ಮೀಟಿಂಗಿನಲ್ಲಿದ್ದೆ ಎಂದು ನರ್ಸ್ ಹೇಳಿದ್ದಾಳೆ ಎಂದು ಟೈಪ್ ಮಾಡಿದೆ.

ಸಭೆ ಅಂದರೆ ಮೀಟಿಂಗೂ ಹೌದು. ಯಾವ ಕನ್ನಡದ ಮಗುವನ್ನು ಕೇಳಿದರೂ ಹೇಳುತ್ತದೆ. ಆದರೆ ಒಬ್ಬ ಕ್ರೈಸ್ತ ಹುಡುಗಿ ಇನ್ನೊಬ್ಬ ಕ್ರೈಸ್ತ ಹೆಂಗಸಿನ ಮುಂದೆ, ಭಾನುವಾರ ಹತ್ತು ಗಂಟೆಯಲ್ಲಿ ಸಭೆಯಲ್ಲಿದ್ದೆ ಅಂದರೆ ಅದಕ್ಕೆ ಒಂದೇ ಅರ್ಥ. ಆ ಅರ್ಥ ನನಗೆ ಗೊತ್ತಿತ್ತು. ಎರಡರಲ್ಲಿ ಅವಳನ್ನು ತಪ್ಪಿತಸ್ಥಳನ್ನಾಗಿ ಮಾಡುವ ಅರ್ಥವನ್ನು ಆರಿಸಿಕೊಂಡೆ. ಇಷ್ಟು ವರ್ಷವಾದರೂ ಆ ಕೀಲಿಮಣೆಯ ಮೇಲೆ ನನ್ನ ಬೆರಳುಗಳು ಓಡಿದ್ದು ಕಾಣುತ್ತದೆ.

ಜೂಡಿ ಅದನ್ನು ಓದಿ, "ಭಾನುವಾರ ಎಂಥ ಮೀಟಿಂಗ್? ಯಾರ ಜೊತೆ?" ಎಂದಳು. ಬೆಲ್ಲಿಗೆ ಹೋಗದಿದ್ದದ್ದು ಅವಳಿಗೆ ಅಷ್ಟು ದೊಡ್ಡದಲ್ಲ, ಅಂಥದ್ದು ಆಗುತ್ತಿರುತ್ತದೆ. ಸುಳ್ಳು ಹೇಳಿದಳು ಎಂಬುದು ದೊಡ್ಡದಾಯಿತು. ಗ್ಲೋರಿಯನ್ನು ಕರೆಸಿದಳು. ನಾನೂ ಕೋಣೆಯಲ್ಲಿದ್ದೆ. ಗ್ಲೋರಿ ಹಾಳೆ ಓದಿ ತಲೆಯೆತ್ತಿದಳು, ಕನ್ನಡದಲ್ಲೇ ಕೇಳಿದಳು.

"ಮೀಟಿಂಗ್ ಅಂತ ಬರ್ದಿದೀರಾ ಆಂಟಿ?"

"ನೀ ಹೇಳಿದ್ದನ್ನ ಬರದೀನಿ."

"ಹೌದಲ್ವಾ" ಎಂದಳು, ಸಹಿ ಹಾಕಿದಳು. ಜೂಡಿ ಏನಾದರೂ ಹೇಳುವುದಿದೆಯೇ ಎಂದು ಎರಡು ಸಲ ಕೇಳಿದಳು, ಹುಡುಗಿ ತಲೆ ಅಲ್ಲಾಡಿಸಿದಳು. ಯಾಕೆ ಬಾಯಿ ಬಿಡಲಿಲ್ಲ ಎಂದು ಆಗ ನನಗೆ ಅರ್ಥವಾಗಿರಲಿಲ್ಲ. ಆಮೇಲೆ ಅರ್ಥವಾಯಿತು. ಏಳನೇ ರೂಮಿನವರ ಫಾರ್ಮಿನಲ್ಲಿ ಧರ್ಮ ಇಲ್ಲ, ಪಾದ್ರಿ ಬೇಡ ಎಂದಿತ್ತು. ಅಂಥವರ ಜೊತೆ ಬಾಗಿಲು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದೆ ಎಂದರೆ ಇಲ್ಲಿಯ ನಿಯಮದಲ್ಲಿ ಅದು ಇನ್ನೂ ದೊಡ್ಡ ತಪ್ಪು, ನರ್ಸಿಂಗ್ ನೋಂದಣಿಗೇ ತೊಂದರೆ ಆಗಬಹುದಾದ ತಪ್ಪು. ನನ್ನ ಒಂದು ಹಾಳೆ ಅವಳ ಮೇಲೆ ದೂರು ಹೇಳಿತು, ನನ್ನದೇ ಇನ್ನೊಂದು ಹಾಳೆ ಅವಳ ಬಾಯಿ ಕಟ್ಟಿತು. ಅದು ಅವಳ ಟೀ ಬ್ರೇಕಿನ ಹತ್ತು ನಿಮಿಷವಾಗಿತ್ತು ಎಂಬುದೂ ನನಗೆ ಆಗ ತಿಳಿದಿರಲಿಲ್ಲ, ಯಾಕೆಂದರೆ ನಾನು ಕೇಳಿರಲಿಲ್ಲ. ಬ್ರೇಕಿನಲ್ಲಿದ್ದಳು ಎಂದು ಬರೆದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಅವಳಿಗೆ ಎಚ್ಚರಿಕೆಯ ಪತ್ರ ಕೊಟ್ಟರು, ಏಳನೇ ರೂಮಿನ ಸಾಲಿನಿಂದ ತೆಗೆದು ಮರೆವಿನ ರೋಗಿಗಳ ಬೇರೆ ವಿಭಾಗಕ್ಕೆ ಹಾಕಿದರು. ಎರಡು ತಿಂಗಳಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ ಕೆಲಸ ಹುಡುಕಿಕೊಂಡು ಹೊರಟುಹೋದಳು. ಹೋಗುವ ದಿನ ನನಗೊಂದು ಕೇಕ್ ಇಟ್ಟು ಹೋಗಿದ್ದಳು, ಮನೆಯಲ್ಲಿ ಮಾಡಿದ್ದು. ಕ್ರಿಸ್‌ಮಸ್‌ಗೆ ಮೆಸೇಜೂ ಬಂತು. 'ಆಂಟಿ, ಇಲ್ಲಿ ಸಭೆಗೆ ಸೇರಿದೀನಿ. ಭೂಕಂಪದಲ್ಲಿ ಅವರ ಚರ್ಚ್ ಬಿದ್ದೋಗಿದೆ, ಒಂದು ಸ್ಕೂಲ್ ಹಾಲ್‌ನಲ್ಲಿ ಸೇರ್ತಾರೆ. ಚಳಿಗೆ ಎಲ್ಲರೂ ಕಂಬಳಿ ತರ್ತಾರೆ. ನನಗೆ ಇಲ್ಲಿ ಭಾನುವಾರ ರಜ.' ಅಂತೂ ನನ್ನ ಪ್ರಾರ್ಥನೆ ಫಲಿಸಿತು, ಹುಡುಗಿ ದಾರಿಗೆ ಬಂದಳು ಎಂದು ಕೂಟದಲ್ಲಿ ಹೇಳಿದೆ. ನನ್ನ ರೋಸ್ಟರಿನಿಂದ ಬಿಡುಗಡೆಯಾದ ಕೂಡಲೇ ಅವಳು ಸಭೆಗೆ ಹೋದಳು ಎಂದು ನನಗೇ ಹೊಳೆಯಲಿಲ್ಲವಲ್ಲ, ಏನನ್ನೋಣ ಈ ತಲೆಗೆ!

ಅದರ ಮುಂದಿನ ಚಳಿಗಾಲದಲ್ಲಿ ಮಿಸೆಸ್ ಹಾರ್ಪರ್‌ಗೆ ನ್ಯುಮೋನಿಯ ಬಂತು. ಆಸ್ಪತ್ರೆ ಬೇಡ, ಇಲ್ಲೇ ಇರುತ್ತೇನೆ ಎಂದಳು. ಡಾಕ್ಟರು ನೋವಿಗೆ ಔಷಧ ಬರೆದು, ಇನ್ನು ಕೆಲವೇ ದಿನ ಎಂದು ಹೇಳಿ ಹೋದರು. ಸೋಮವಾರ ಬೆಳಿಗ್ಗೆ ನಾನು ಹೋದಾಗ ಕಣ್ಣು ಬಿಟ್ಟು, "ನನಗೆ ನನ್ನ ಚರ್ಚ್ ಬೇಕು" ಎಂದಳು.

ಕಂಪ್ಯೂಟರ್ ನೋಡಿದೆ. ಇಲ್ಲ, ಬೇಡ, ಕೆಳಗೆ ನನ್ನ ಹೆಸರು. ಸಾಯುವ ಹೊತ್ತಿಗೆ ಮನಸ್ಸು ತಿರುಗಿದೆ ಎಂದುಕೊಂಡು ಪಾದ್ರಿಗೆ ಫೋನ್ ಮಾಡಿದೆ. ಬುಧವಾರ ಬಂದರು. ಒಳ್ಳೆಯ ಮನುಷ್ಯ, ನಿವೃತ್ತರು, ಮಂಜಿನಲ್ಲಿ ತಮ್ಮ ಹಳೆಯ ಕಾರು ಓಡಿಸಿಕೊಂಡು ಬಂದಿದ್ದರು. ಮಿಸೆಸ್ ಹಾರ್ಪರ್ ಅವರ ಕೈ ಹಿಡಿದು ಮೆಲ್ಲಗೆ ಮಾತಾಡಿದಳು, ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ.

"ನಿಮ್ಮ ಮೇಲೆ ನನಗೆ ಕೋಪವಿಲ್ಲ. ನನ್ನ ಗಂಡ ನನ್ನನ್ನು ಬಿಟ್ಟುಹೋದ ವಾರ ನಾನು ಚರ್ಚ್‌ಗೆ ಹೋಗಿ ಕೂತೆ. ಪಕ್ಕದಲ್ಲಿದ್ದ ಹೆಂಗಸು ತನ್ನ ಹ್ಯಾಂಡ್‌ಬ್ಯಾಗ್ ಎತ್ತಿಕೊಂಡು ಒಂದು ಜಾಗ ಆಚೆ ಸರಿದಳು. ಹದಿನೆಂಟು ವರ್ಷ ಜೊತೆಗೆ ಹಾಡಿದವಳು. ಯಾರೂ ಏನೂ ಅನ್ನಲಿಲ್ಲ. ಎದ್ದು ಬಂದೆ. ದೇವರು ನನ್ನ ಜೊತೆಗೇ ಎದ್ದು ಮನೆಗೆ ಬಂದ, ಅದರಲ್ಲಿ ನನಗೆ ಸಂಶಯವಿಲ್ಲ."

"ನಾನು ಪ್ರಾರ್ಥನೆ ಮಾಡಲೇ?" ಎಂದರು ಪಾದ್ರಿ.

"ಮಾಡಿ. ಆದರೆ ನನಗೆ ನನ್ನ ಚರ್ಚ್ ಬೇಕು. ಅದು ಯಾಕೆ ಬರುತ್ತಿಲ್ಲ?"

ಪಾದ್ರಿ ನನ್ನ ಕಡೆ ನೋಡಿದರು, ನಾನು ತಲೆ ಅಲ್ಲಾಡಿಸಿದೆ. ಚರ್ಚ್ ಎಲ್ಲಾದರೂ ನಡೆದುಕೊಂಡು ಬರುತ್ತದೆಯೇ? ನೋಟ್ಸ್‌ನಲ್ಲಿ, ಮನಸ್ಸು ಗೊಂದಲದಲ್ಲಿದೆ ಎಂದು ಬರೆದೆ. ಹಿಂದೆ ಟೀ ಕೇಳಿದ ಮುದುಕನಿಗೂ ಹೆಚ್ಚುಕಡಿಮೆ ಇದನ್ನೇ ಬರೆದಿದ್ದೆ.

ಗುರುವಾರ ಮಾತು ಬಹಳ ಕಡಿಮೆಯಾಯಿತು. ನಾನು ಡ್ರಿಪ್ ನೋಡಲು ಹೋದಾಗ ಕೈಯನ್ನು ಹೊದಿಕೆಯ ಮೇಲೆ ಸರಿಸಿ ಮಂಚದ ಪಕ್ಕದ ಕುರ್ಚಿಯನ್ನು ತೋರಿಸಿದಳು. ಏನಾದರೂ ಬೇಕೇ ಎಂದು ಕೇಳಿದೆ. ಮತ್ತೆ ಕುರ್ಚಿಯನ್ನೇ ತೋರಿಸಿದಳು. ಅಡ್ಡವಾಗಿದೆ ಅನ್ನುತ್ತಾಳೆ ಎಂದುಕೊಂಡು ಅದನ್ನು ಎತ್ತಿ ಗೋಡೆಯ ಪಕ್ಕ ಇಟ್ಟೆ. ಆಕೆ ಕಣ್ಣು ಮುಚ್ಚಿಕೊಂಡಳು.

ಶುಕ್ರವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹೋದಳು. ಮಂಚದ ಪಕ್ಕ ನಾನಿದ್ದೆ. ಒಂದು ಕೈಯಲ್ಲಿ ಆಕೆಯ ನಾಡಿ, ಕಣ್ಣು ಗಡಿಯಾರದ ಮೇಲೆ.

ರೂಮು ಖಾಲಿ ಮಾಡುವಾಗ ಸಾಮಾನಿನ ಪಟ್ಟಿ ಮಾಡಬೇಕು. ಮಂಚದ ಪಕ್ಕದ ಡ್ರಾಯರಿನಲ್ಲಿ ಕರವಸ್ತ್ರ, ಪೆಪ್ಪರ್‌ಮಿಂಟ್ ಡಬ್ಬಿ, ನಾಲ್ಕಾಗಿ ಮಡಚಿದ ಒಂದು ಹಾಳೆ. ಬಿಡಿಸಿದೆ. ಗ್ಲೋರಿಯ ದುಂಡು ಅಕ್ಷರ ನೋಡಿದ ಕೂಡಲೇ ಗುರುತು ಸಿಕ್ಕಿತು. ನಮ್ಮ ಮನೆಗಳಲ್ಲಿ ಎಲ್ಲರಿಗೂ ಬಾಯಿಪಾಠವಾದ ಕರ್ತನ ಪ್ರಾರ್ಥನೆ ಇಡೀ ಕನ್ನಡದಲ್ಲಿತ್ತು, ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ, ಮುದುಕಿಗೆ ಓದಲು ಆಗುವಂತೆ ದೊಡ್ಡದಾಗಿ. ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಮಿಸೆಸ್ ಹಾರ್ಪರ್ ನಡುಗುವ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿದ್ದಳು. ಬದಿಯಲ್ಲಿ ಕೆಲವು ಶಬ್ದಗಳ ಅರ್ಥ. ಅಜ್ಜಿ ಅಂದರೆ ಗ್ರ್ಯಾನಿ. ಕೂತ್ಕೋ ಅಂದರೆ ಸಿಟ್. ಎಲ್ಲಕ್ಕಿಂತ ಮೇಲೆ ಸಭೆ ಎಂದು ಬರೆದು, ಅದರ ಮುಂದೆ ಚರ್ಚ್ ಎಂದು ಬರೆದಿತ್ತು, ಪಕ್ಕದಲ್ಲಿ ಭಾನುವಾರ ಹತ್ತು ಗಂಟೆ. ಕೆಳಗೆ ಪೆನ್ಸಿಲಿನಲ್ಲಿ ಮುದುಕಿಯ ಕೈಯಲ್ಲಿ ಇಂಗ್ಲಿಷಿನ ಎರಡು ಸಾಲು. ಒಬ್ಬಳೇ ಕೂತರೆ ಪ್ರಾರ್ಥನೆ. ಇಬ್ಬರು ಕೂತರೆ ಚರ್ಚ್.

ಖಾಲಿ ಮಂಚವನ್ನು ಹಿಡಿದುಕೊಂಡೆ. ಅಯ್ಯೋ ಕರ್ತನೇ, ನಾಲ್ಕು ದಿನ ಆಕೆ ಕೇಳಿದ್ದು ಕಟ್ಟಡವಲ್ಲ, ಪಾದ್ರಿಯಲ್ಲ. 'ಅದು ಯಾಕೆ ಬರುತ್ತಿಲ್ಲ' ಎಂದು ಕೇಳಿದ್ದು ಗ್ಲೋರಿಯ ಬಗ್ಗೆ, ನಾನು ಅಲ್ಲಿಂದ ಓಡಿಸಿದ ಹುಡುಗಿಯ ಬಗ್ಗೆ. ಒಂದು ಫೋನ್ ಮಾಡಿದ್ದರೆ ಸೋಮವಾರವೇ ವಿಮಾನ ಹತ್ತಿ ಬರುತ್ತಿದ್ದಳು, ಒಂದು ಗಂಟೆಯೂ ಹಿಡಿಯುತ್ತಿರಲಿಲ್ಲ. ಅವಳು ಬರದಿದ್ದರೂ ಸಭೆಗೆ ಇನ್ನೊಬ್ಬರು ಬೇಕಿತ್ತು ಅಷ್ಟೆ. ಗುರುವಾರ ಆಕೆ ನನಗೆ ಕುರ್ಚಿ ತೋರಿಸಿದಳು, ನಾನು ಅದನ್ನು ತೆಗೆದು ಗೋಡೆಗಿಟ್ಟೆ.

ಈಗ ಕೆಲವರು ನನ್ನನ್ನು ಕೇಳುತ್ತಾರೆ, ಚರ್ಚ್‌ಗೆ ಹೋಗಲೇಬೇಕಾ ಆಂಟಿ, ಮನೆಯಲ್ಲೇ ನಂಬಿಕೆ ಇಟ್ಟುಕೊಂಡರೆ ಸಾಲದಾ ಎಂದು. ಶಿಫ್ಟಿನಿಂದ ಬೇಸತ್ತ ಹುಡುಗಿಯರು ಕೇಳುವ ಪ್ರಶ್ನೆ. ಒಂದು ಕಾಲದಲ್ಲಿ ನನ್ನ ಹತ್ತಿರ ಉತ್ತರ ಸಿದ್ಧವಾಗಿರುತ್ತಿತ್ತು. ನಾನು ಈಗಲೂ ಪ್ರತಿ ಭಾನುವಾರ ಹೋಗುತ್ತೇನೆ, ಮೂರನೇ ಸಾಲಿನ ತುದಿಯಲ್ಲಿ ಕೂಡುತ್ತೇನೆ. ಹತ್ತು ಗಂಟೆಗೆ ಹಾಡು ಶುರುವಾದಾಗ ಕಣ್ಣ ಮುಂದೆ ಏಳನೇ ರೂಮು ಬರುತ್ತದೆ, ಹಾಡಿನ ಸಾಲು ತಪ್ಪುತ್ತದೆ. ಹದಿಮೂರು ವರ್ಷ ತಪ್ಪದೆ ಹೋಗಿದ್ದೆ ಎಂದು ಹೇಳಿಕೊಳ್ಳುವ ಧೈರ್ಯ ಇಲ್ಲ. ಆ ಭಾನುವಾರಗಳಲ್ಲಿ ಎಷ್ಟೋ ಗ್ಲೋರಿಯವು.

ಆ ಶುಕ್ರವಾರ ಸಂಜೆ ಮನೆಗೆ ಹೋದವಳು ಕೋಟು ಸಹ ಬಿಚ್ಚದೆ ಅವಳಿಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು. ಹಿಂದೆ ಅಡುಗೆ ಮನೆಯ ಸದ್ದು.

"ಹೇಳಿ ಆಂಟಿ, ಚೆನ್ನಾಗಿದೀರಾ?"

"ಗ್ಲೋರಿ, ಮಿಸೆಸ್ ಹಾರ್ಪರ್ ತೀರ್‌ಕೊಂಡ್ರವ್ವಾ. ಇವತ್ತ ಮುಂಜಾನಿ."

ಸದ್ದು ನಿಂತಿತು. ಒಲೆ ಆರಿಸಿರಬೇಕು. ನಾನು ಹಾಳೆಯ ವಿಷಯ ಹೇಳಿದೆ, ಮೀಟಿಂಗ್ ಅಂತ ಬರೆದದ್ದು ತಪ್ಪಾಯಿತು ಎಂದೆ, ಬೇಕಂತಲೇ ಬರೆದೆ ಎಂದೂ ಹೇಳಿದೆ. ಅವಳು ಅಳುತ್ತಿದ್ದಳು. ಆಮೇಲೆ ಮೂಗೊರೆಸಿಕೊಂಡು ಕೇಳಿದಳು.

"ಕೊನೇಲಿ ಅಜ್ಜಿ ಒಬ್ರೇ ಇದ್ರಾ ಆಂಟಿ?"

"ಇಲ್ಲವ್ವಾ, ನಾ ಇದ್ದೆ."

"ಅಬ್ಬಾ, ಸದ್ಯ" ಎಂದಳು. ಅವಳ ಉಸಿರು ಸಡಿಲವಾದದ್ದು ಇಲ್ಲಿಗೆ ಕೇಳಿಸಿತು. "ನೀವಿದ್ರಲ್ಲ, ಸಾಕು. ಪಕ್ಕದಲ್ಲಿ ಕೂತಿದ್ರಿ ಅಲ್ವಾ ಆಂಟಿ?"

ಹೂಂ ಅಂದಿದ್ದರೆ ನಂಬುತ್ತಿದ್ದಳು.

"ನಿಂತಿದ್ದೆನವ್ವಾ" ಅಂದೆ.